ಸಂಗೀತ ಬಿಡಿಸಬೇಡಿ, ಸಂಜೆಯ ಓಡಾಟ ಬಿಡಿ

ಪ್ರಶ್ನೆ: ಬನಶಂಕರಿ ಎರಡನೇ ಹಂತದಲ್ಲಿದ್ದೇವೆ. ಮೂವರು ಮಕ್ಕಳು, ಎರಡು ವರ್ಷದಿಂದ ಮನೆಯಲ್ಲೇ ಓದಿಸುತ್ತಿದ್ದೇವೆ. ಮಗಳಿಗೆ 11. ಹಾಡುಗಾರಿಕೆ ಕಲಿಯುತ್ತ ಇದು ನಾಲ್ಕನೇ ವರ್ಷ, ಸರಳೆ, ಗೀತೆ ದಾಟಿ ಈಗಷ್ಟೇ ವರ್ಣ ಶುರುವಾಗಿದೆ. ಮಗನಿಗೆ 8, ಪಿಟೀಲು ಹಿಡಿದು ಒಂದೂವರೆ ವರ್ಷ. ಕೊನೆಯವನಿಗೆ 4. ಮಗಳ ಕ್ಲಾಸು ಜಯನಗರದಲ್ಲಿ ಮಂಗಳವಾರ, ಶುಕ್ರವಾರ. ಮಗನದು ಮಲ್ಲೇಶ್ವರದಲ್ಲಿ ಬುಧವಾರ, ಶನಿವಾರ. ನಾಲ್ಕೂ ಸಂಜೆ. ನಾನು ಮನೆಯಿಂದಲೇ ಮಧ್ಯಾಹ್ನ 2ರಿಂದ 6ರವರೆಗೆ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಯಜಮಾನರು ಬೆಳಗ್ಗೆ ಏಳೂವರೆಗೆ ವೈಟ್‌ಫೀಲ್ಡಿಗೆ ಹೊರಟರೆ ಬರುವುದು ರಾತ್ರಿ ಎಂಟೂವರೆಗೆ. ಅತ್ತೆ ಜೊತೆಗಿದ್ದಾರೆ. ಕ್ಲಾಸಿನ ದಿನ ಗುರುಗಳ ಮನೆ ಮುಂದೆ ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಓದೂ ಮುಗಿಯುತ್ತಿಲ್ಲ, ಪ್ರಾಕ್ಟೀಸೂ ಆಗುತ್ತಿಲ್ಲ. ಸಂಗೀತ ಬಿಡಿಸಬೇಕೋ, ಮಕ್ಕಳನ್ನು ಶಾಲೆಗೆ ಸೇರಿಸಬೇಕೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಒಂದು ಹಾಳೆಯ ಮೇಲೆ ವಾರದ ಲೆಕ್ಕ ಬರೆಯಿರಿ. ಜಯನಗರಕ್ಕೆ ಸಂಜೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಎರಡು ಸಲಕ್ಕೆ 2 ಗಂಟೆ. ಮಲ್ಲೇಶ್ವರಕ್ಕೆ ಕಾರಿನಲ್ಲಿ ಒಂದು ದಾರಿಗೆ 70 ನಿಮಿಷ ಹಿಡಿದರೆ ಎರಡು ಸಲಕ್ಕೆ 4 ಗಂಟೆ 40 ನಿಮಿಷ. ಒಟ್ಟು 6 ಗಂಟೆ 40 ನಿಮಿಷ. ಗುರುಗಳ ಎದುರು ಮಕ್ಕಳು ಕೂರುವುದು ಮುಕ್ಕಾಲು ಗಂಟೆಯಂತೆ ನಾಲ್ಕು ಸಲ, ಅಂದರೆ 3 ಗಂಟೆ. ದಿನವನ್ನು ತಿನ್ನುತ್ತಿರುವುದು ರಸ್ತೆ, ಬೈಗುಳ ಬೀಳುತ್ತಿರುವುದು ಸಂಗೀತಕ್ಕೆ.

ಶಾಲೆಗೆ ಹೋಗುವ ಮಕ್ಕಳಿಗೆ ಸಂಜೆ ಐದರಿಂದ ಎಂಟು ಬಿಟ್ಟರೆ ಬೇರೆ ಹೊತ್ತಿಲ್ಲ. ಅದಕ್ಕೇ ಊರಿನ ಸಂಗೀತದ ಕ್ಲಾಸುಗಳೆಲ್ಲ ಆ ಮೂರು ಗಂಟೆಗೆ ಮುಗಿಬೀಳುತ್ತವೆ, ರಸ್ತೆಯೂ ಆಗಲೇ ತುಂಬಿರುತ್ತದೆ. ನಿಮ್ಮ ಮಕ್ಕಳಿಗೆ ಶಾಲೆಯ ಗಂಟೆಯಿಲ್ಲ, ಆದರೂ ನೀವು ಶಾಲೆಯ ಮಕ್ಕಳ ಗಡಿಯಾರವನ್ನೇ ನೋಡಿಕೊಂಡು ಓಡುತ್ತಿದ್ದೀರಿ. ಮನೆಯಲ್ಲೇ ಪಾಠ ಹೇಳುವ ಎಷ್ಟೋ ಗುರುಗಳಿಗೆ ಬೆಳಗ್ಗೆ ಹತ್ತರಿಂದ ಒಂದರವರೆಗೆ ಬಿಡುವಿರುತ್ತದೆ. ಹೋಮ್‌ಸ್ಕೂಲಿಂಗಿನಿಂದ ಸಿಗುವ ದೊಡ್ಡ ಅನುಕೂಲವೇ ಇದು; ನೀವಿನ್ನೂ ಅದನ್ನು ಬಳಸಿಕೊಂಡಿಲ್ಲ.

ಕೇಳುವುದರಲ್ಲಿ ಸ್ವಲ್ಪ ನಾಜೂಕು ಬೇಕು. ‘ಸಂಜೆ ಟ್ರಾಫಿಕ್ಕು, ಟೈಮ್ ಬದಲಿಸಿ’ ಅಂದರೆ ದೂರು ಹೇಳಿದಂತೆ ಆಗುತ್ತದೆ. ‘ಮೇಡಂ, ಇವನು ಬೆಳಗ್ಗೆ ಹೊತ್ತು ಚುರುಕಾಗಿರ್ತಾನೆ. ಬುಧವಾರ ಹನ್ನೊಂದಕ್ಕೆ ನಿಮಗೆ ಅನುಕೂಲ ಆಗುತ್ತಾ? ಒಬ್ಬನೇ ಇದ್ದರೆ ಕೈ ತಿದ್ದೋದಕ್ಕೂ ಸಲೀಸು’ ಅನ್ನಿ. ಎರಡು ಕ್ಲಾಸು ಒಂದಾಯಿತೆಂದು ಫೀಸಿನಲ್ಲಿ ಚೌಕಾಸಿ ಮಾಡಬೇಡಿ. ಒಬ್ಬನಿಗೇ ಮೀಸಲಾದ ಒಂದು ಗಂಟೆ, ಆರು ಮಕ್ಕಳ ನಡುವೆ ಕೂತ ಮುಕ್ಕಾಲು ಗಂಟೆಯ ಎರಡು ಕ್ಲಾಸಿಗಿಂತ ಹೆಚ್ಚು ಕಲಿಸುತ್ತದೆ.

ಮಲ್ಲೇಶ್ವರಕ್ಕೆ ಕಾರು ಬಿಡಿ. ಬನಶಂಕರಿಯಿಂದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಹಸಿರು ಮಾರ್ಗದಲ್ಲಿ ನೇರ ಮೆಟ್ರೊ ಇದೆ, ಎಲ್ಲೂ ಇಳಿದು ಹತ್ತುವುದಿಲ್ಲ. ಪ್ರಯಾಣ ಇಪ್ಪತ್ತು–ಇಪ್ಪತ್ತೈದು ನಿಮಿಷ. ಎರಡೂ ಕಡೆಯ ಆಟೊ, ನಡಿಗೆ ಸೇರಿಸಿದರೂ ಮುಕ್ಕಾಲು ಗಂಟೆಯಲ್ಲಿ ತಲುಪುತ್ತೀರಿ. ಹತ್ತೂಕಾಲಿಗೆ ಹೊರಟರೆ ಪಾಠ ಮುಗಿಸಿ ಮಧ್ಯಾಹ್ನ ಒಂದರೊಳಗೆ ಮನೆಯಲ್ಲಿರುತ್ತೀರಿ, ಎರಡಕ್ಕೆ ನಿಮ್ಮ ಕೆಲಸ ಶುರು. ಮಗಳೂ ಬರಲಿ, ಅವಳ ಆ ದಿನದ ಓದು ರೈಲಿನಲ್ಲೂ ಗುರುಗಳ ಮನೆಯ ಜಗಲಿಯಲ್ಲೂ ನಡೆಯುತ್ತದೆ. ಚಿಕ್ಕವನು ಅಜ್ಜಿಯ ಹತ್ತಿರ ಇರಲಿ.

ಮಗನ ಎರಡನೇ ಕ್ಲಾಸನ್ನು ವಿಡಿಯೊದಲ್ಲಿ 25 ನಿಮಿಷಕ್ಕೆ ಇಳಿಸಬಹುದು, ಗುರುಗಳು ಒಪ್ಪಿದರೆ. ಪಿಟೀಲನ್ನು ಪೂರ್ತಿ ವಿಡಿಯೊಗೆ ಹಾಕುವುದು ಮಾತ್ರ ಈ ವಯಸ್ಸಿಗೆ ತಪ್ಪು. ಕಮಾನು ಹಿಡಿಯುವ ಹೆಬ್ಬೆರಳು ಬಗ್ಗಿದೆಯೋ ಸೆಟೆದಿದೆಯೋ ಎನ್ನುವುದು ಎದುರು ಕೂತವರಿಗೇ ಚೆನ್ನಾಗಿ ಕಾಣುವುದು. ವಿಡಿಯೊ ದಿನ ಫೋನನ್ನು ಮುಖದ ಎತ್ತರಕ್ಕೆ ಇಡಬೇಡಿ. ನಮ್ಮಲ್ಲಿ ಪಿಟೀಲು ಕೆಳಗೆ ಕೂತು, ತುದಿಯನ್ನು ಪಾದದ ಮೇಲೆ ಊರಿ ನುಡಿಸುತ್ತಾರಲ್ಲ, ಹಾಗಾಗಿ ಅವನ ಬಲಗಡೆ ಮುಂದೆ ಒಂದು ಮಣೆಯ ಮೇಲೆ ಫೋನ್ ಇಡಿ. ಕಮಾನು, ಎಡಗೈ ಮಣಿಕಟ್ಟು ಎರಡೂ ಕಾಣಬೇಕು. ಆ್ಯಪಿನ ಸೆಟ್ಟಿಂಗಿನಲ್ಲಿ ಹಿನ್ನೆಲೆ ಸದ್ದು ಅಳಿಸುವ ಆಯ್ಕೆಯನ್ನು ಆಫ್ ಮಾಡಿ. ಅದು ತಂಬೂರಿಯನ್ನು ಫ್ಯಾನಿನ ಸದ್ದೆಂದು ತಿಳಿದು ನುಂಗಿಹಾಕುತ್ತದೆ, ಉದ್ದ ಕಮಾನಿನ ಸ್ವರವನ್ನು ನಡುವೆ ಕತ್ತರಿಸುತ್ತದೆ. ವಿಡಿಯೊದಲ್ಲಿ ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ಗುರುಗಳು ನುಡಿಸಿ ನಿಲ್ಲಿಸಬೇಕು, ಆಮೇಲೆ ಇವನು.

ಮಗಳ ವಿಷಯ ಬೇರೆ. ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಅವಳೊಬ್ಬಳಿಗೇ ಪಾಠವಿರಲಿ. ಎರಡನೇ ಕ್ಲಾಸು ಶನಿವಾರ ಅಥವಾ ಭಾನುವಾರ ಬೆಳಗ್ಗೆ ಗುಂಪಿನಲ್ಲೇ ಇರಲಿ, ಅಪ್ಪ ಕರೆದುಕೊಂಡು ಹೋಗಲಿ. ಮನೆಯಲ್ಲೇ ಓದುವ ಹುಡುಗಿಗೆ ಗೆಳತಿಯರ ಜೊತೆ ಗೀತೆ ಹೇಳುವುದು, ಮಧ್ಯೆ ಪಿಸುಗುಟ್ಟಿ ಬೈಸಿಕೊಳ್ಳುವುದು ಎಲ್ಲವೂ ಬೇಕು. ಬೆಳಗಿನ ಅನುಕೂಲದ ಆಸೆಗೆ ಗುಂಪನ್ನು ಪೂರ್ತಿ ಬಿಡಿಸಿದರೆ ಆರು ತಿಂಗಳಲ್ಲಿ ‘ಬೋರು’ ಎಂಬ ಮಾತು ಬರುತ್ತದೆ.

ಈಗ ಲೆಕ್ಕ ನೋಡಿ: ಬುಧವಾರ ಒಂದೂವರೆ ಗಂಟೆ, ಜಯನಗರಕ್ಕೆ ಖಾಲಿ ಹೊತ್ತಿನಲ್ಲಿ ಹೋಗಿ ಬರಲು ಸಲಕ್ಕೆ ಅರ್ಧ ಗಂಟೆಯಂತೆ ಒಂದು ಗಂಟೆ. ಒಟ್ಟು ಎರಡೂವರೆ. ಉಳಿದದ್ದು 4 ಗಂಟೆ 10 ನಿಮಿಷ. ಮಗಳು ವಾರಕ್ಕೆ ಆರು ದಿನ 40 ನಿಮಿಷ ಹಾಡಿದರೆ ಬೇಕಾಗುವುದು ಸರಿಯಾಗಿ 4 ಗಂಟೆ.

ಇನ್ನು ಪ್ರಾಕ್ಟೀಸು. ನಿಮ್ಮ ಮನೆಯಲ್ಲಿ ಅದು ‘ಓದು ಮುಗಿದ ಮೇಲೆ’ ಬರುತ್ತಿರಬೇಕು. ಓದು ಎಂದೂ ಮುಗಿಯುವುದಿಲ್ಲ, ಹಾಗಾಗಿ ಪ್ರಾಕ್ಟೀಸು ಎಂದೂ ಶುರುವಾಗುವುದಿಲ್ಲ. ಅದನ್ನು ಮುಂದಕ್ಕೆ ತನ್ನಿ. ಮಗಳ ಹಾಡು ಬೆಳಗ್ಗೆ 6:50ರಿಂದ 7:30, ತಿಂಡಿಗೆ ಮೊದಲು, ಒಂದು ಲೋಟ ಬೆಚ್ಚನೆ ನೀರು ಕುಡಿದು. ಅಪ್ಪ ಶೂ ಹಾಕಿಕೊಳ್ಳುವ ಹೊತ್ತಿಗೆ ಅವಳ ದನಿ ಅವರ ಕಿವಿಗೆ ಬೀಳುತ್ತದೆ, ವಾರದ ದಿನಗಳಲ್ಲಿ ಅವರಿಗೆ ಸಿಗುವ ಕಛೇರಿ ಅಷ್ಟೇ.

ಆ 40 ನಿಮಿಷವನ್ನು ಹೀಗೆ ಹಂಚಿ. ಮೊದಲ 8 ನಿಮಿಷ ತಂಬೂರಿ ಹಾಕಿಕೊಂಡು ಷಡ್ಜ (ಸ), ಮಂದ್ರ ಪಂಚಮ (ಕೆಳಗಿನ ಪ), ಮೇಲಿನ ಷಡ್ಜದಲ್ಲಿ ‘ಆ’ ಎಂದು ಅಕಾರ ನಿಲ್ಲಿಸುವುದು. ಶ್ರುತಿ ಗುರುಗಳು ಹೇಳಿದ್ದೇ ಇರಲಿ. ಕ್ಲಾಸಿನಲ್ಲಿ ಐದೂವರೆ ಮನೆ ಶ್ರುತಿಗೆ (ಹಾರ್ಮೋನಿಯಂ ಕೀಲಿಯ ಎಣಿಕೆ ಅದು) ಹಾಡಿ ಮನೆಯಲ್ಲಿ ‘ಸ್ವಲ್ಪ ಆರಾಮ’ ಎಂದು ಐದಕ್ಕೆ ಇಳಿಸಿಕೊಂಡರೆ ತಾರಸ್ಥಾಯಿ ಬಲಿಯುವುದೇ ಇಲ್ಲ. ಮುಂದಿನ 10 ನಿಮಿಷ ಒಂದೇ ಅಲಂಕಾರ (ತಾಳಕ್ಕೆ ಕೂಡಿಸಿದ ಸ್ವರಾಭ್ಯಾಸ), ಮೂರು ಕಾಲದಲ್ಲಿ, ಅಂದರೆ ಒಂದಕ್ಕಿಂತ ಒಂದು ಇಮ್ಮಡಿ ವೇಗದಲ್ಲಿ. ಸಾಮಾನ್ಯವಾಗಿ ಎಡವುವುದು ಇಲ್ಲೇ: ಒಂದನೇ ಕಾಲವನ್ನು ಹಾಯಾಗಿ ಹಿಡಿದು ಶುರುಮಾಡುತ್ತಾರೆ, ಮೂರನೇ ಕಾಲಕ್ಕೆ ಬಂದಾಗ ನಾಲಿಗೆ ತಡವರಿಸುತ್ತದೆ, ಗೊತ್ತಿಲ್ಲದೆ ತಾಳವೇ ನಿಧಾನವಾಗುತ್ತದೆ. ಮೆಟ್ರೊನೋಮ್ 60ರಲ್ಲಿದ್ದರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ. ಅದು ಸ್ಪಷ್ಟವಾಗಿ ಬರದಿದ್ದರೆ 50ಕ್ಕೆ ಇಳಿಸಿ, ಒಂದನೇ ಕಾಲವನ್ನೂ ಅಲ್ಲಿಂದಲೇ ಎತ್ತಿಕೊಳ್ಳಲಿ. ಅಂದರೆ ಮೂರನೇ ಕಾಲವನ್ನು ನೋಡಿಕೊಂಡು ಒಂದನೆಯದರ ನಡೆ ಇಟ್ಟುಕೊಳ್ಳಬೇಕು. ಮೆಟ್ರೊನೋಮನ್ನು ಪರೀಕ್ಷಿಸಲು ಮಾತ್ರ ಬಳಸಿ, ದಿನಾ ತಾಳ ಕೈಯಲ್ಲೇ ಬೀಳಲಿ.

ಆಮೇಲಿನ 15 ನಿಮಿಷ ವರ್ಣಕ್ಕೆ. ವರ್ಣ ಸಿಕ್ಕಿದ ಖುಷಿಗೆ ಮಕ್ಕಳು ದಿನಾ ಪಲ್ಲವಿಯಿಂದ ಕೊನೆವರೆಗೆ ಓಡಿಸುತ್ತಾರೆ. ಪರಿಣಾಮ, ಪಲ್ಲವಿ ಹೊಳೆಯುತ್ತದೆ, ಕೊನೆಯ ಭಾಗದ ಎತ್ತುಗಡೆ ಸ್ವರಗಳು ತಿಂಗಳಾದರೂ ಮಬ್ಬು. ಹೊಸ ಆವರ್ತವನ್ನು (ತಾಳದ ಒಂದು ಸುತ್ತು) ಮೊದಲು ತಾಳವಿಲ್ಲದೆ ಸ್ವರ ಹೇಳಿ ಎರಡು ಸಲ, ತಾಳ ಹಾಕಿ ಮೂರು ಸಲ, ಆಮೇಲೆ ಅದರ ಹಿಂದಿನ ಸಾಲಿಗೆ ಜೋಡಿಸಿ ಎರಡು ಸಲ. ವಾರಕ್ಕೆ ಒಂದೋ ಎರಡೋ ಆವರ್ತ ಸಾಕು. ಉಳಿದ 7 ನಿಮಿಷ ಹಳೆಯ ಗೀತೆ ಅಥವಾ ದೇವರನಾಮ, ಅವಳ ಇಷ್ಟದ್ದು, ಯಾರೂ ತಿದ್ದಬಾರದು.

ಎಂಟರ ಹುಡುಗನಿಗೆ ಒಂದೇ ಸಲ ಅರ್ಧ ಗಂಟೆ ಕೂರುವುದು ಶಿಕ್ಷೆ. ಬೆಳಗ್ಗೆ ತಿಂಡಿಯಾದ ಮೇಲೆ 15 ನಿಮಿಷ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿಯ ಎದುರು 10 ನಿಮಿಷ. ಬೆಳಗ್ಗೆ ಹೊಸದು, ಸಂಜೆ ಬಂದದ್ದು ಮಾತ್ರ. ಅಜ್ಜಿಗೆ ಪಿಟೀಲು ಗೊತ್ತಿರಬೇಕಿಲ್ಲ, ‘ಇನ್ನೊಂದ್ಸಲ ನುಡಿಸೋ ಪುಟ್ಟ’ ಎಂದರೆ ಸಾಕು.

ಪಿಟೀಲಿನಲ್ಲಿ ಹೊತ್ತು ಸೋರುವುದು ಬೇರೆ ಕಡೆ. ಪೆಟ್ಟಿಗೆ ಹುಡುಕಿ, ತೆರೆದು, ಶ್ರುತಿ ಮಾಡಿ, ರಾಳ ಹಚ್ಚುವ ಹೊತ್ತಿಗೆ ಹತ್ತು ನಿಮಿಷ ಹೋಗಿರುತ್ತದೆ. ಶ್ರುತಿ ಮಾಡುವುದನ್ನು ದೊಡ್ಡವರೊಬ್ಬರು ಕಲಿಯಿರಿ. ಸ-ಪ-ಸ-ಪ ಕೂಡಿಸುವುದು ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ. ತಂತಿಯ ಬುಡದಲ್ಲಿ ನಾಲ್ಕಕ್ಕೂ ಸಣ್ಣ ಸ್ಕ್ರೂಗಳನ್ನು ಹಾಕಿಸಿದರೆ ಬಿರಡೆ (ತಂತಿ ಬಿಗಿಯುವ ಮರದ ಗೂಟ) ಮುಟ್ಟುವ ಪ್ರಸಂಗವೇ ಕಡಿಮೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಒಣ ಹವೆಗೆ ಮರ ಕುಗ್ಗಿ ಬಿರಡೆ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಜಾರಿದರೆ ಒಂದಿಷ್ಟು ಸೀಮೆಸುಣ್ಣ ಸವರಿ ಒಳಕ್ಕೆ ಒತ್ತಿ ತಿರುಗಿಸಿ; ಬಿಗಿದಿದ್ದರೆ ಬಲ ಹಾಕದೆ ರಿಪೇರಿಯವರಿಗೆ ತೋರಿಸಿ. ರಾಳ ದಿನಕ್ಕೆ ಮೂರ್ನಾಲ್ಕು ಎಳೆತ ಸಾಕು, ತಂತಿಯ ಮೇಲೆ ಬಿಳಿ ಪುಡಿ ಕೂತಿದ್ದರೆ ಅದು ಹೆಚ್ಚಾಗಿದೆ. ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲಿಸಲು ಅವನಿಗೇ ಕಲಿಸಿ.

ಅಳತೆಯನ್ನೂ ಒಮ್ಮೆ ನೋಡಿ. ಎಂಟರ ಮಗುವಿಗೆ ಹೆಚ್ಚಾಗಿ ಅರ್ಧ ಸೈಜು ಹೊಂದುತ್ತದೆ. ‘ಹೇಗೂ ಬೆಳೀತಾನೆ’ ಎಂದು ಮುಕ್ಕಾಲು ಸೈಜು ಕೊಡಿಸಿದ್ದರೆ ಎಡಗೈ ಪೂರ್ತಿ ಚಾಚಿ ನಾಲ್ಕನೇ ಬೆರಳು ಎಟುಕದೆ ಅಪಸ್ವರ ಬರುತ್ತದೆ, ಹತ್ತು ನಿಮಿಷಕ್ಕೇ ಭುಜ ನೋಯುತ್ತದೆ. ಅದನ್ನು ಸೋಮಾರಿತನ ಎಂದು ಬೈಯುವ ಮನೆಗಳೇ ಹೆಚ್ಚು.

ಅಕ್ಕ ಹಾಡುವಾಗಲೇ ಪಕ್ಕದ ಕೋಣೆಯಲ್ಲಿ ತಮ್ಮ ನುಡಿಸಬಾರದು. ಇಬ್ಬರ ಶ್ರುತಿ ಬೇರೆ ಬೇರೆ ಇರುತ್ತದೆ; ಗೋಡೆಯಾಚೆಯ ಷಡ್ಜ ಕಿವಿಗೆ ಬೀಳುತ್ತಿದ್ದರೆ ಇಬ್ಬರ ಕಿವಿಯೂ ಕೆಡುತ್ತದೆ. ಪಿಟೀಲಿನ ಹದಿನೈದು ನಿಮಿಷ ಮಗಳಿಗೆ ಕನ್ನಡ ಕಾಪಿ ಬರೆಯುವಂಥ ಕೈಕೆಲಸ ಕೊಡಿ, ಗಣಿತ ಕೊಡಬೇಡಿ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದವರ ಗೊಣಗಾಟ ಇದ್ದರೆ ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಸಿಕ್ಕಿಸುವ, ಸದ್ದು ತಗ್ಗಿಸುವ ರಬ್ಬರ್ ಮ್ಯೂಟ್ ಇದೆ. ಅಪರೂಪಕ್ಕೆ ಸರಿ, ದಿನಾ ಹಾಕಿದರೆ ಮಗುವಿಗೆ ತನ್ನ ನಾದವೇ ಕೇಳಿಸುವುದಿಲ್ಲ.

ಓದಿನ ಗಂಟೆಗಳ ಬಗ್ಗೆ ನಿಮಗಿರುವ ಅಳುಕು ಬಹುಶಃ ಶಾಲೆಯ ಆರು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಲವತ್ತು ಮಕ್ಕಳಿಗೆ ಹೇಳುವ ಪಾಠ ಬೇರೆ, ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬರಿಗೆ ಹೇಳುವುದು ಬೇರೆ. ಹನ್ನೊಂದರವಳಿಗೆ ಗಣಿತ 45 ನಿಮಿಷ, ಕನ್ನಡ 30, ಇಂಗ್ಲಿಷ್ 35, ವಿಜ್ಞಾನ ಅಥವಾ ಸಮಾಜ ದಿನ ಬಿಟ್ಟು ದಿನ 40: ಎರಡೂವರೆ ಗಂಟೆ. ಎಂಟರವನಿಗೆ ಗಣಿತ 25, ಕನ್ನಡ ಓದು ಬರಹ 25, ಇಂಗ್ಲಿಷ್ 20. ಒಂಬತ್ತರಿಂದ ಹನ್ನೆರಡೂಕಾಲಿನೊಳಗೆ ಇಬ್ಬರದೂ ಮುಗಿಯುತ್ತದೆ, ಇಬ್ಬರ ಗಣಿತವನ್ನೂ ಒಂದೇ ಹೊತ್ತಿಗೆ ಇಟ್ಟುಕೊಳ್ಳದಿದ್ದರೆ. ಒಬ್ಬರು ನಿಮ್ಮ ಪಕ್ಕದಲ್ಲಿರುವಾಗ ಇನ್ನೊಬ್ಬರು ತಾವೇ ಮಾಡಬಲ್ಲ ಕೆಲಸದಲ್ಲಿರಬೇಕು. ಮಂಗಳವಾರ, ಬುಧವಾರ ಎಂಟೂವರೆಗೇ ಶುರುಮಾಡಿ ಗಣಿತ, ಕನ್ನಡ ಎರಡನ್ನೇ ಮುಗಿಸಿ ಹೊರಡಿ. ಉಳಿದದ್ದನ್ನು ಗುರುವಾರಕ್ಕೆ ಪೇರಿಸಬೇಡಿ. ಬಾಕಿ ಪೇರಿಸುವ ಚಾಳಿಯಿಂದಲೇ ಶನಿವಾರದ ಜಗಳಗಳು ಹುಟ್ಟುವುದು.

ಗಣಿತಕ್ಕೆ ಸಂಗೀತದಿಂದ ಒಳ್ಳೆಯ ಸರಕು ಸಿಗುತ್ತದೆ. ಆದಿತಾಳದ 8 ಎಣಿಕೆ ಹಾಕುತ್ತ, ಎಣಿಕೆಗೊಂದು ಸ್ವರದಂತೆ ಮೂರು ಸ್ವರದ ಗುಚ್ಛ ಹೇಳುತ್ತ ಹೋಗಲಿ. ಎಷ್ಟನೇ ಆವರ್ತ ಮುಗಿದಾಗ ಗುಚ್ಛವೂ ಸರಿಯಾಗಿ ಮುಗಿಯುತ್ತದೆ? ಮೂರು ಆವರ್ತ, 24. ಐದರ ಗುಚ್ಛಕ್ಕೆ ಐದು, ಏಳಕ್ಕೆ ಏಳು. ಈಗ ಆರರ ಗುಚ್ಛ ಕೊಡಿ. ಆರು ಆವರ್ತ ಎಂದು ಊಹಿಸಿರುತ್ತಾಳೆ, ಮೂರಕ್ಕೇ ಬಂದು ನಿಲ್ಲುತ್ತದೆ. ಯಾಕೆ ಎಂದು ಹುಡುಕಲು ಬಿಡಿ, ಲ.ಸಾ.ಅ. ಅವಳ ಅಂಗೈಯಲ್ಲೇ ಸಿಗುತ್ತದೆ. ಮೇಳ ಎಂಬ ಮೂಲರಾಗಗಳ ಸಂಖ್ಯೆಯನ್ನು ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಅಡಗಿಸಿಡುವ ಕಟಪಯಾದಿಯೂ ಈ ವಯಸ್ಸಿಗೆ ಒಗಟಿನಂತೆ ಹಿಡಿಸುತ್ತದೆ: ಮಾಯಾಮಾಳವಗೌಳದಲ್ಲಿ ಮ 5, ಯ 1, 51 ಅನ್ನು ತಿರುಗಿಸಿದರೆ 15ನೇ ಮೇಳ. ಹರಿಕಾಂಭೋಜಿಯಲ್ಲಿ ಹ 8, ರ 2, 28. ಎರಡು ಮಧ್ಯಮ, ರಿ-ಗ ಜೋಡಿ ಆರು, ಧ-ನಿ ಜೋಡಿ ಆರು, ಗುಣಿಸಿದರೆ 72 ಮೇಳ. ಹುಡುಗನಿಗೆ ಸ್ಕೇಲು ಕೊಟ್ಟು ಬಿರಡೆಗಳ ಕೆಳಗೆ ತಂತಿ ಹಾಯುವ ಮೇಲಿನ ಕಟ್ಟೆಯಿಂದ ಕುದುರೆಯವರೆಗೆ ಷಡ್ಜದ ತಂತಿ ಅಳೆಸಿ. 28 ಸೆಂ.ಮೀ. ಇದ್ದರೆ ಸರಿಯಾಗಿ ಅರ್ಧದಲ್ಲಿ, 14ರಲ್ಲಿ, ಮೇಲಿನ ಷಡ್ಜ. ಮೇಲಿನಿಂದ ಮೂರನೇ ಒಂದು ಭಾಗದಲ್ಲಿ, ಸುಮಾರು 9.3ರಲ್ಲಿ, ಪಂಚಮ. ಇದೆಲ್ಲ ಗಣಿತದ ಹೊತ್ತಿನಲ್ಲಿ. ಹಾಡುತ್ತಿರುವವಳನ್ನು ನಿಲ್ಲಿಸಿ ‘ಇದು ಎಷ್ಟನೇ ಮೇಳ ಹೇಳು’ ಅನ್ನಬೇಡಿ.

ಮನೆಯಲ್ಲಿ ಇನ್ನೊಬ್ಬ ಗುರು ಹುಟ್ಟುವುದು ಇನ್ನೊಂದು ತೊಂದರೆ. ದಿನಾ ಕೇಳಿ ಕೇಳಿ ನಿಮಗೂ ಪಾಠ ಬಂದಿರುತ್ತದೆ, ತಿದ್ದಲು ಬಾಯಿ ತುರಿಸುತ್ತದೆ. ಬೆಳಗ್ಗೆಯೆಲ್ಲ ಗಣಿತ ಹೇಳಿಕೊಟ್ಟ ಅಮ್ಮನೇ ಸಂಗೀತದಲ್ಲೂ ತಪ್ಪು ಹಿಡಿದರೆ ಮಗುವಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ನೀವು ನೋಡಬೇಕಾದದ್ದು ಎರಡೇ: ತಂಬೂರಿ ಹಾಕಿದೆಯೇ, ತಾಳ ಬಿಟ್ಟಿಲ್ಲವೇ. ಗಮಕದ, ಅಂದರೆ ಸ್ವರವನ್ನು ಓಲಾಡಿಸುವ ರೀತಿಯ, ಚರ್ಚೆ ಗುರುಗಳಿಗೆ ಬಿಡಿ. ಅನುಮಾನ ಬಂದರೆ ಪಾಠದ ಕೊನೆಗೆ ಗುರುಗಳ ಅಪ್ಪಣೆ ಕೇಳಿ ಹೊಸ ಸಾಲುಗಳನ್ನಷ್ಟೇ ಎರಡು ಮೂರು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಇಡೀ ಕ್ಲಾಸು ರೆಕಾರ್ಡ್ ಮಾಡಿದರೆ ಫೋನು ತುಂಬುತ್ತದೆ, ಯಾರೂ ತೆರೆದು ಕೇಳುವುದಿಲ್ಲ.

ಗೌರಿ-ಗಣೇಶ, ದಸರಾ, ನೆಂಟರ ಮದುವೆ ಬಂದಾಗ ವೇಳಾಪಟ್ಟಿ ಕುಸಿಯುತ್ತದೆ, ಕುಸಿಯಲಿ. ಅಂಥ ದಿನಕ್ಕೆಂದು ಹತ್ತು ನಿಮಿಷದ ಪಾಠ ಬೇರೆ ಇಟ್ಟುಕೊಳ್ಳಿ: ಒಂದು ಜಂಟಿ ವರಸೆ, ಒಂದು ಅಲಂಕಾರ, ಒಂದು ಗೀತೆ. ಊರಿಗೆ ಹೋದಾಗ ಪಿಟೀಲು ಹೊರಬೇಕಿಲ್ಲ, ಹುಡುಗ ಅದೇ ವರಸೆಗಳನ್ನು ಬಾಯಲ್ಲಿ ಹಾಡಲಿ. ಬಾಯಲ್ಲಿ ಬಂದದ್ದು ಬೆರಳಿಗೆ ಬೇಗ ಬರುತ್ತದೆ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗಳಿಗೆ ಒಂದೆರಡು ಸಂಜೆ ಕರೆದೊಯ್ಯಿರಿ, ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಹತ್ತಿರ. ಒಂದು ಗಂಟೆ ಕೂತರೆ ಸಾಕು, ಆದರೆ ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ಹೊತ್ತಿಗೆ ಒಳಗಿರಿ. ದೊಡ್ಡವರು ಕಾಫಿಗೆ ಏಳುವ ಆ ಭಾಗವೇ ಮಕ್ಕಳಿಗೆ ಹಿಡಿಸುವುದು. ಜೆ.ಪಿ. ನಗರ ಏಳನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯ ನಿಮಗೆ ದೂರವಲ್ಲ. ಒಂದು ಬೆಳಗ್ಗೆ ಅಲ್ಲಿಗೆ ಹೋದರೆ ಅವತ್ತಿನ ವಿಜ್ಞಾನ, ಸಮಾಜ ಎರಡೂ ಆಯಿತೆಂದು ಬರೆದುಕೊಳ್ಳಿ.

ಪರೀಕ್ಷೆಗೆ ಇನ್ನೂ ಹೊತ್ತಿದೆ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಮಟ್ಟದ ಪರೀಕ್ಷೆ ಬರೆಯಲು 14 ತುಂಬಿರಬೇಕು, ಐದು ವಿಷಯ ಬೇಕು; ಅದರಲ್ಲಿ ಕರ್ನಾಟಕ ಸಂಗೀತವನ್ನೂ ಒಂದು ವಿಷಯವಾಗಿ ಆರಿಸಿಕೊಳ್ಳಬಹುದು. ವಿಷಯಗಳನ್ನು ಬೇರೆ ಬೇರೆ ಸಲ ಬರೆದು ಮುಗಿಸುವ ಅವಕಾಶವೂ ಇದೆ. ಜೂನಿಯರ್ ಸಂಗೀತ ಪರೀಕ್ಷೆ ಕಟ್ಟಿಸುವುದಾದರೆ ಓದಿನ ಪರೀಕ್ಷೆ ಇಲ್ಲದ ವರ್ಷದಲ್ಲಿ ಕಟ್ಟಿಸಿ. 6ರಿಂದ 14ರವರೆಗಿನ ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರಲ್ಲಿ ಹೋಮ್‌ಸ್ಕೂಲಿಂಗಿಗೆಂದೇ ನೋಂದಣಿಯ ವ್ಯವಸ್ಥೆ ಇಲ್ಲ. ಆದ್ದರಿಂದ ದಿನಕ್ಕೆ ಎರಡು ಸಾಲಿನ ಡೈರಿ, ತಿಂಗಳಿಗೆ ಪ್ರತಿ ವಿಷಯದ ಒಂದೆರಡು ಹಾಳೆ ಫೈಲಿನಲ್ಲಿಡಿ. ನಾಳೆ ಶಾಲೆಗೆ ಸೇರಿಸಬೇಕೆನಿಸಿದರೂ ಯಾವ ತರಗತಿಗೆ ಎಂಬ ಮಾತಿಗೆ ಅದು ಉಪಯೋಗಕ್ಕೆ ಬರುತ್ತದೆ.

ಹೊಸ ವ್ಯವಸ್ಥೆಗೆ ಮೂರು ತಿಂಗಳು ಕೊಡಿ. ಆಗಲೂ ಹುಡುಗ ಪೆಟ್ಟಿಗೆ ಕಂಡರೆ ಅಳುತ್ತಿದ್ದರೆ, ಅಳತೆ ಸರಿಯಿದ್ದೂ ಕೈ ನೋವೆನ್ನುತ್ತಿದ್ದರೆ, ಗುರುಗಳಿಗೆ ಹೇಳಿ ಪಿಟೀಲನ್ನು ಒಂದಷ್ಟು ದಿನ ನಿಲ್ಲಿಸಿ, ಅಕ್ಕನ ಪಕ್ಕ ಕೂತು ವರಸೆ ಹಾಡಲು ಬಿಡಿ. ಹುಡುಗಿಯನ್ನು ಮಾತ್ರ ಈಗ ಬಿಡಿಸಬೇಡಿ. ವರ್ಣದವರೆಗೆ ಬಂದು ನಿಂತವರು ಮತ್ತೆ ಹಿಡಿಯಲು ಮೊದಲ ಪಾಠವಾದ ಸರಳೆಯಿಂದ ಎಣಿಸಬೇಕಾಗುತ್ತದೆ.

ನಾಲ್ಕರವನನ್ನು ಎಲ್ಲಿಗೂ ಸೇರಿಸಬೇಡಿ. ಅಕ್ಕ ಹಾಡುವಾಗ ತೊಡೆಯ ಮೇಲೆ ತಾಳ ಬಡಿಯಲಿ, ತಪ್ಪಿದರೂ ಸುಮ್ಮನಿರಿ. ಪಿಟೀಲನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ಕಣ್ಣಿಗೆ ಕಾಣುವಂತೆ ಗೋಡೆಗೆ ತೂಗುಹಾಕಿದರೆ ಅಣ್ಣನ ಕೈ ತಾನಾಗಿ ಹೋಗುತ್ತದೆ. ಕಮಾನಿನ ಮೊಳೆಯನ್ನು ಮಾತ್ರ ಈ ಚಿಕ್ಕವನು ಸ್ಟೂಲು ಹತ್ತಿದರೂ ಎಟುಕದ ಎತ್ತರಕ್ಕೆ ಹೊಡೆಸಿ.